ಒಂಬತ್ತನೇ ಕಿಟ್ಟಿನ ಮೇಷ್ಟ್ರು

ಅವರು ನಿವೃತ್ತರಾಗಿ ಮೂರು ತಿಂಗಳಾಯಿತು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವರ ಗುಣಗಾನ ಇನ್ನೂ ನಿಂತಿಲ್ಲ. 'ಅಂಥ ಗುರು ಮತ್ತೆ ಸಿಗಲ್ಲ' ಎಂದು ಒಬ್ಬ ಬರೆಯುತ್ತಾನೆ, ಅದರ ಕೆಳಗೆ ಸಾಲು ಸಾಲಾಗಿ ಕೈಮುಗಿದ ಚಿತ್ರಗಳು ಬಂದು ಕೂರುತ್ತವೆ. ನಾನು ಏನೂ ಬರೆದಿಲ್ಲ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ವಿದ್ಯಾರ್ಥಿನಿಯಾಗಿ ಒಂದು ವರ್ಷ, ಅದೇ ಕಾಲೇಜಿನಲ್ಲಿ ಸಹೋದ್ಯೋಗಿಯಾಗಿ ಒಂಬತ್ತು ವರ್ಷ ಅವರನ್ನು ಹತ್ತಿರದಿಂದ ನೋಡಿದವಳು ನಾನು. ಇಲ್ಲಿ 'ಅವರು' ಎಂದೇ ಬರೆಯುತ್ತಿದ್ದೇನೆ. ಅದು ಗೌರವವಲ್ಲ, ಅಭ್ಯಾಸ.

ಕೆ.ಆರ್. ಪುರದ ರೈಲು ಹಳಿಯ ಪಕ್ಕದ ಒಂದು ಖಾಸಗಿ ಪಾಲಿಟೆಕ್ನಿಕ್ ನಮ್ಮದು. ಹಲಸೂರಿನ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಬೇಕಿತ್ತು. ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನಾನು ಡಿಪ್ಲೊಮಾಕ್ಕೆ ಎಲೆಕ್ಟ್ರಾನಿಕ್ಸ್ ತೆಗೆದುಕೊಂಡಿದ್ದೆ. ಎರಡನೇ ವರ್ಷದಲ್ಲಿ ಮೈಕ್ರೋಪ್ರೊಸೆಸರ್ ಮತ್ತು ಅಸೆಂಬ್ಲಿ ಭಾಷೆ ಕಲಿಸಲು ಅವರು ಬಂದರು. ಕುಳ್ಳಗಿನ ಆಳು, ಬೂದು ಬಣ್ಣದ ಸಫಾರಿ, ಕೈಯಲ್ಲಿ ತಮ್ಮದೇ ಚಾಕ್‌ಪೀಸ್ ಡಬ್ಬಿ. ಕಾಲೇಜಿನ ಚಾಕ್‌ಪೀಸನ್ನು ಅವರು ಮುಟ್ಟುತ್ತಿರಲಿಲ್ಲ. ಅದು ಕೀಚಲು ಸದ್ದು ಮಾಡುತ್ತದಂತೆ.

ಮೊದಲ ದಿನ ಒಬ್ಬೊಬ್ಬರನ್ನೇ ಎಬ್ಬಿಸಿ ಊರು, ಶಾಲೆ ಕೇಳಿದರು. ನನ್ನ ಸರದಿ ಬಂದಾಗ ಅವೆರಡೂ ಸಾಲಲಿಲ್ಲ.

"ಯಾವ ಸೀಟಮ್ಮಾ ನಿಂದು? ಮೆರಿಟ್ಟಾ, ಇನ್ನೊಂದಾ?"

ಇನ್ನೊಂದು ಎಂದರೆ ಮೀಸಲಾತಿಯದು. ಇಡೀ ಕ್ಲಾಸು ನನ್ನತ್ತ ತಿರುಗಿತು. "ಮೆರಿಟ್ ಸರ್" ಅಂದೆ. ಅದು ನಿಜವೇ ಆಗಿತ್ತು. ಅವರು ಹುಬ್ಬೇರಿಸಿ, "ನೋಡೋಣ" ಅಂದು ಮುಂದಕ್ಕೆ ಹೋದರು. ಆ 'ನೋಡೋಣ'ದ ಅರ್ಥ ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅವತ್ತು ಸಂಜೆ ಅಪ್ಪ ಕೇಳಿಸಿಕೊಂಡು ಕೈಕಾಲು ತೊಳೆಯಲು ಎದ್ದುಹೋದರು. ಅಮ್ಮ ಮಾತ್ರ, "ಅವ್ನ ಪಾಠ ತಗೋ, ಅವ್ನ ಮಾತು ಅಲ್ಲೇ ಬಿಟ್ಬಾ" ಅಂದಳು.

ಪಾಠ ತೆಗೆದುಕೊಂಡೆ. ಪಾಠದ ವಿಷಯದಲ್ಲಿ ಸುಳ್ಳು ಹೇಳಲಾರೆ. ಕಂಪ್ಯೂಟರಿಗೆ ಅದರದೇ ಮಟ್ಟಕ್ಕೆ ಇಳಿದು ಒಂದೊಂದೇ ಹೆಜ್ಜೆ ಹೇಳಿಕೊಡುವ ಭಾಷೆ ಅಸೆಂಬ್ಲಿ. ಅದನ್ನು ಹೊಸಬರ ತಲೆಗೆ ಇಳಿಸುವುದು ಅವರಿಗೆ ಗೊತ್ತಿತ್ತು. ಐದು ಜನರನ್ನು ಬೋರ್ಡಿನ ಮುಂದೆ ನಿಲ್ಲಿಸಿ ಎ, ಬಿ, ಸಿ, ಡಿ, ಇ ಎಂದು ಹೆಸರಿಡುತ್ತಿದ್ದರು. ಪ್ರೊಸೆಸರಿನ ಒಳಗೆ ಅಂಕಿ ಇಟ್ಟುಕೊಳ್ಳುವ ಪುಟ್ಟ ಜಾಗಗಳು ಅವು, ರಿಜಿಸ್ಟರುಗಳು. ಒಬ್ಬೊಬ್ಬರ ಕೈಗೂ ಒಂದು ಚೀಟಿ. "ಮೂವ್ ಎ ಕಾಮಾ ಬಿ" ಎಂದು ಕೂಗಿದರೆ, ಎ ಆಗಿ ನಿಂತವನು ತನ್ನ ಚೀಟಿಯ ಅಂಕಿ ಹೊಡೆದುಹಾಕಿ ಬಿ ಕೈಯಲ್ಲಿದ್ದ ಅಂಕಿಯನ್ನು ಬರೆದುಕೊಳ್ಳಬೇಕು.

"ಬಿ ಹತ್ರ ಇದ್ದಿದ್ದು ಹೋಯ್ತಾ?"

"ಇಲ್ಲ ಸರ್!"

"ಹೋಗಲ್ಲ. ಹೆಸರು ಮೂವ್ ಅಂತ, ಮಾಡೋ ಕೆಲ್ಸ ಕಾಪಿ. ಹೆಸರು ನೋಡಿ ಮೋಸ ಹೋಗ್ಬೇಡಿ."

ಆ ಆಟದಲ್ಲಿ ಆರನೆಯ ಪಾತ್ರವೊಂದಿತ್ತು. ಲೆಕ್ಕದ ಉತ್ತರ ಸೊನ್ನೆ ಬಂದಾಗ ಮಾತ್ರ ಕೈ ಎತ್ತುವುದು ಅದರ ಕೆಲಸ. ಪ್ರೊಸೆಸರಿನಲ್ಲಿ ಅದಕ್ಕೆ ಝೀರೋ ಫ್ಲ್ಯಾಗ್ ಎನ್ನುತ್ತಾರೆ. ಮೊದಲ ದಿನ ಅಲ್ಲಿ ನನ್ನನ್ನು ನಿಲ್ಲಿಸಿದರು. ಐದರಿಂದ ಐದು ಕಳೆದರು. ಭಯಕ್ಕೆ ನನ್ನ ಕೈ ಮೇಲೇಳಲಿಲ್ಲ. "ಸೊನ್ನೆ ಅಂತ ಹೇಳೋಕೂ ಬರಲ್ಲ ಈ ಸೊನ್ನೆಗೆ" ಅಂದರು. ಕ್ಲಾಸು ನಕ್ಕಿತು. ಆಮೇಲೆ ಆ ಜಾಗಕ್ಕೆ ಅವರು ಇನ್ನೊಬ್ಬರನ್ನು ಕರೆಯಲೇ ಇಲ್ಲ. ಒಂದು ಸೆಮಿಸ್ಟರ್ ಪೂರ್ತಿ ಹುಡುಗರ ಬಾಯಲ್ಲಿ ನನ್ನ ಹೆಸರು ಝೀರೋ.

ಅವರಂತೂ ನಮ್ಮನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಹಾಜರಿ ಸಂಖ್ಯೆಯನ್ನು ಯಂತ್ರದ ಲೆಕ್ಕಕ್ಕೆ, ಅಂದರೆ ಹದಿನಾರರ ಲೆಕ್ಕಕ್ಕೆ ತಿರುಗಿಸಿ ಕೂಗುತ್ತಿದ್ದರು. ಅದರಲ್ಲಿ ಹತ್ತರಿಂದ ಹದಿನೈದರವರೆಗಿನ ಅಂಕಿಗಳಿಗೆ ಎಯಿಂದ ಎಫ್‌ವರೆಗಿನ ಅಕ್ಷರಗಳು. ಮೂವತ್ತೊಂದನೆಯವಳಾದ ನಾನು 'ಒನ್ ಎಫ್'. ನಲವತ್ತನಾಲ್ಕನೆಯವಳು 'ಟು ಸಿ'. ಕೂಗಿದ್ದು ನಮ್ಮನ್ನೇ ಎಂದು ತಿಳಿಯದೆ ಕೂತಿದ್ದರೆ ಸ್ಟೀಲ್ ಸ್ಕೇಲು ಬೆಂಚಿಗೆ ಬೀಳುತ್ತಿತ್ತು. ಆ ಲೆಕ್ಕ ನಮಗೆ ಒಂದು ವಾರದಲ್ಲಿ ಬಂತು. ಕೆಲವರು ಇದನ್ನೇ ಅವರ ದೊಡ್ಡತನ ಎಂದು ಈಗ ಗುಂಪಿನಲ್ಲಿ ನೆನೆಯುತ್ತಾರೆ. ನನ್ನ ನೆನಪಿನಲ್ಲಿ ಉಳಿದದ್ದು ಆ ಸದ್ದು.

ಲ್ಯಾಬಿನಲ್ಲಿ ನಾನು ಬರೆದ ಮೊದಲ ಪ್ರೋಗ್ರಾಂ ಐದು ಮತ್ತು ಮೂರು ಕೂಡಿಸುವುದು. ಎ ರಿಜಿಸ್ಟರಿಗೆ ಐದು ಹಾಕು, ಬಿಗೆ ಮೂರು ಹಾಕು, ಎರಡನ್ನೂ ಕೂಡು, ಬಂದದ್ದನ್ನು ಮೆಮೊರಿಯ ಇಂಥ ವಿಳಾಸದಲ್ಲಿಡು, ನಿಲ್ಲು. ಐದೇ ಸಾಲು. ಪ್ರತಿ ಸಾಲಿನ ಸಂಕೇತ ಅಂಕಿಯನ್ನು ಪುಸ್ತಕದಲ್ಲಿ ಹುಡುಕಿ ಕಿಟ್ಟಿನ ಗುಂಡಿ ಒತ್ತಿ ತುಂಬಬೇಕು. ಕಿಟ್ ಎಂದರೆ ಪ್ರೊಸೆಸರು, ಮೆಮೊರಿ, ಗುಂಡಿಗಳು, ಕೆಂಪು ಅಂಕಿಯ ಕಿಟಕಿ ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಕೂರಿಸಿದ ಸಾಧನ. ವಿಳಾಸವನ್ನು ತಿರುಗುಮುರುಗಾಗಿ, ಹಿಂದಿನ ಅರ್ಧ ಮೊದಲು ಬರುವಂತೆ ತುಂಬಬೇಕೆಂಬುದನ್ನು ಮರೆತು ಮೂರು ಸಲ ಎಡವಿದೆ. ನಾಲ್ಕನೆಯ ಸಲ ಕಿಟಕಿಯಲ್ಲಿ 08 ಹತ್ತಿಕೊಂಡಿತು. ಅಷ್ಟು ಖುಷಿ ಅದಕ್ಕೆ ಮೊದಲು ನನಗೆ ಓದಿನಲ್ಲಿ ಸಿಕ್ಕಿರಲಿಲ್ಲ. ಅವರು ಹಿಂದೆ ಬಂದು ನಿಂತಿದ್ದರು.

"ಎಂಟು ಬರೋಕೆ ಒಂದು ಗಂಟೆ. ಬೆರಳಲ್ಲಿ ಎಣಿಸಿದ್ರೆ ಬೇಗ ಬರ್ತಿತ್ತಲ್ಲಾ, ಒನ್ ಎಫ್?"

ಪಕ್ಕದಲ್ಲಿದ್ದ ಟು ಸಿ ಮೇಜಿನ ಕೆಳಗೆ ನನ್ನ ಕೈ ಒತ್ತಿದಳು. ಅವಳ ಹೆಸರು ಶಬಾನಾ. ಶಿವಾಜಿನಗರದವಳು. ಅವಳ ಅಬ್ಬಾ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಟೀವಿ, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದರು. ಹತ್ತು ವರ್ಷದವಳಿದ್ದಾಗಲೇ ಬೆಸುಗೆ ಹಾಕಲು ಕಲಿತಿದ್ದ ಅವಳು ನಮ್ಮ ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದಿದ್ದಳು. ಅವರು ಬೋರ್ಡಿನ ಮೇಲೆ ಬರೆದ ಪ್ರೋಗ್ರಾಂ ಪೂರ್ತಿಯಾಗುವ ಮೊದಲೇ ಉತ್ತರ ಹೇಳುತ್ತಿದ್ದಳು. ಅದು ಅವರಿಗೆ ಹಿಡಿಸುತ್ತಿರಲಿಲ್ಲ. "ಅಂಗಡಿ ಬುದ್ಧಿ" ಎನ್ನುತ್ತಿದ್ದರು.

ಲ್ಯಾಬಿನಲ್ಲಿ ಹನ್ನೆರಡು ಕಿಟ್ಟುಗಳಿದ್ದವು. ಒಂಬತ್ತನೆಯದು ಹೊಸದು. ಅದನ್ನು ಅವರು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಕಾಲೇಜಿಗೆ ತಪಾಸಣಾ ಸಮಿತಿ ಬರುವ ದಿನ ಅದನ್ನು ಹೊರಗೆ ತೆಗೆದು ನಮ್ಮಿಬ್ಬರ ಮೇಜಿನ ಮೇಲಿಟ್ಟರು. ಸಮಿತಿಯವರ ಮುಂದೆ ಪ್ರೋಗ್ರಾಂ ನಡೆಸಿ ತೋರಿಸಲು ಶಬಾನಾಳೇ ಬೇಕಾಗಿದ್ದಳು, ಅಷ್ಟು ಅವರಿಗೂ ಗೊತ್ತಿತ್ತು. ಸಮಿತಿ ಪಕ್ಕದ ಕೋಣೆಗೆ ಬಂದಿದೆ ಎಂದು ಅಟೆಂಡರ್ ಬಂದು ಹೇಳಿದ. ಅವರು ಅವಸರದಲ್ಲಿ ಪವರ್ ಸಪ್ಲೈ ಡಬ್ಬದ ವೈರುಗಳನ್ನು ತಾವೇ ಕಿಟ್ಟಿಗೆ ಸಿಕ್ಕಿಸತೊಡಗಿದರು. ಕೆಂಪು ವೈರಿನಲ್ಲಿ ಐದು ವೋಲ್ಟ್, ಹಳದಿಯಲ್ಲಿ ಹನ್ನೆರಡು. ಪ್ರೊಸೆಸರಿಗೆ ಬೇಕಾದದ್ದು ಐದು. ಅವರು ಅಲ್ಲಿಗೆ ಹಳದಿ ಸಿಕ್ಕಿಸಿದರು.

"ಸರ್, ಅದು ಹಳದಿ ಅಲ್ಲ, ಕೆಂಪು ಬರ್ಬೇಕು" ಅಂದಳು ಶಬಾನಾ.

"ಇದು ನಿಮ್ಮಪ್ಪನ ಅಂಗಡಿ ಅಲ್ಲ, ಟು ಸಿ. ಸುಮ್ನಿರು."

"ಸರ್, ಒಂದ್ಸಲ ನೋಡಿ..."

ಅವರು ಸ್ವಿಚ್ ಒತ್ತಿದರು. ಚಿಟ್ ಎಂದಿತು. ಸುಟ್ಟ ವಾಸನೆ ಬಂತು. ಕಿಟಕಿಯಲ್ಲಿ ಒಂದಂಕಿಯೂ ಹತ್ತಲಿಲ್ಲ. ಅಷ್ಟರಲ್ಲಿ ಪ್ರಿನ್ಸಿಪಾಲರ ಜೊತೆ ಸಮಿತಿಯವರು ಒಳಗೆ ಬಂದರು. "ಏನಿದು ವಾಸನೆ?" ಎಂದು ಒಬ್ಬರು ಕೇಳಿದರು. ಅವರು ಒಂದು ಕ್ಷಣವೂ ತಡವರಿಸಲಿಲ್ಲ.

"ಹುಡುಗಿ ಸರ್. ನಾನು ಬರೋದ್ರೊಳಗೆ ಅವಸರ ಮಾಡಿ ವೈರ್ ಹಾಕ್ಬಿಟ್ಳು."

ಶಬಾನಾ ಬಾಯಿ ತೆರೆದಳು. ಪ್ರಿನ್ಸಿಪಾಲರು ಕಣ್ಣಲ್ಲೇ ಗದರಿಸಿ ಸಮಿತಿಯನ್ನು ಮುಂದಕ್ಕೆ ಕರೆದುಕೊಂಡು ಹೋದರು.

ಮರುದಿನ ವಿಭಾಗದ ಮುಖ್ಯಸ್ಥರಾಗಿದ್ದ ಮೇಡಂ ನಮ್ಮಿಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿದರು. ಅವರು ಮೇಡಂ ಪಕ್ಕದ ಕುರ್ಚಿಯಲ್ಲಿ ಕೂತು ನಮ್ಮ ಬ್ಯಾಚಿನ ಲ್ಯಾಬ್ ರೆಕಾರ್ಡುಗಳಿಗೆ ಅಂಕ ಹಾಕುತ್ತಿದ್ದರು. ತಾನು ಮುಟ್ಟಿಲ್ಲ, ಸರ್ ಅವರೇ ಸಿಕ್ಕಿಸಿದ್ದು ಎಂದು ಶಬಾನಾ ನೇರವಾಗಿ ಹೇಳಿದಳು. ಮೇಡಂ ನನ್ನ ಕಡೆ ತಿರುಗಿದರು.

"ನೀನು ಅಲ್ಲೇ ಇದ್ದೆ. ನೋಡಿದ್ಯಾ?"

ಅವರು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ರೆಕಾರ್ಡು ಮುಚ್ಚಿ, ನನ್ನದನ್ನು ಎಳೆದುಕೊಂಡು, ಮೊದಲ ಪುಟ ತೆರೆದು ಪೆನ್ನು ಹಿಡಿದು ಕಾದರು.

"ಬರೀತಾ ಇದ್ದೆ ಮೇಡಂ. ನೋಡ್ಲಿಲ್ಲ" ಅಂದೆ.

ಶಬಾನಾ ನನ್ನ ಕಡೆ ನೋಡಲಿಲ್ಲ. ನನ್ನ ರೆಕಾರ್ಡಿಗೆ ಇಪ್ಪತ್ತೈದಕ್ಕೆ ಇಪ್ಪತ್ತೆರಡು ಬಂತು.

ಕ್ಷಮಾಪಣೆ ಪತ್ರ ಬರೆದುಕೊಡು, ಮುಗಿಯಿತು ಎಂದರು ಮೇಡಂ. ಶಬಾನಾ ಬರೆಯಲಿಲ್ಲ. ಅವಳ ಅಬ್ಬಾರನ್ನು ಕರೆಸಿದರು. ಬಿಳಿ ಜುಬ್ಬಾ ತೊಟ್ಟಿದ್ದ ಮನುಷ್ಯ ಕಾರಿಡಾರಿನಲ್ಲಿ ಅರ್ಧ ದಿನ ಕಾದು, ಕೊನೆಗೆ ಅವರ ಮುಂದೆ ಕೈಕಟ್ಟಿ ನಿಂತರು. "ಬಚ್ಚಿ ಹೈ ಸಾಬ್, ಚಿಕ್ಕ ಹುಡುಗಿ, ತಪ್ಪಾಗಿದೆ. ಆ ಬೋರ್ಡು ನಂಗೆ ಕೊಡಿ, ನಾನು ಸರಿ ಮಾಡಿ ತಂದ್ಕೊಡ್ತೀನಿ" ಅಂದರು. ಅವರು ನಕ್ಕರು. "ಇದು ಮಿಕ್ಸಿ ಅಲ್ಲ ಸ್ವಾಮಿ" ಅಂದರು. ಬಾಗಿಲ ಹೊರಗೆ ನಿಂತು ನಾನು ಇದನ್ನೆಲ್ಲ ಕೇಳಿಸಿಕೊಂಡೆ. ಅವತ್ತು ಕೂಡ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ.

ಇಡೀ ಕ್ಲಾಸಿಗೆ ಕಲಿಸುವಷ್ಟು ತಿಳಿದಿದ್ದ ಹುಡುಗಿ ಆ ಸೆಮಿಸ್ಟರಿನ ಪ್ರಾಕ್ಟಿಕಲ್ಲಿನಲ್ಲಿ ಫೇಲಾದಳು. ಮುಂದಿನ ಸಲವೂ ಫೇಲು. ಅದಾದ ಮೇಲೆ ಅವಳು ಕಾಲೇಜಿಗೆ ಬರಲಿಲ್ಲ.

ನಾನು ಪಾಸಾದೆ. ಕೆಲಸ ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿದೆ. ಪಾಠ ಮಾಡುವ ಆಸೆಯಿತ್ತು. ಕೊನೆಗೆ ಕೆಲಸ ಸಿಕ್ಕಿದ್ದು ಅದೇ ಪಾಲಿಟೆಕ್ನಿಕ್ಕಿನಲ್ಲಿ. ಸೇರಿದ ದಿನ ಅವರು ನನ್ನನ್ನು ಸ್ಟಾಫ್ ರೂಮಿಗೆಲ್ಲ ಪರಿಚಯಿಸಿದರು. "ನನ್ನ ಪ್ರಾಡಕ್ಟ್. ಸೊನ್ನೆಯಿಂದ ತಂದು ಇಲ್ಲಿ ನಿಲ್ಲಿಸಿದ್ದೀನಿ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಎದುರು ಮಾತಾಡದೆ ನಗುವುದನ್ನೂ ಅವರ ಕ್ಲಾಸಿನಲ್ಲೇ ಕಲಿತಿದ್ದೆ.

ಒಂಬತ್ತು ವರ್ಷ ಅವರ ಪಕ್ಕದ ಮೇಜು ನನ್ನದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಹತ್ತಿಗೆ ಸ್ಪಿರಿಟ್ ಹಚ್ಚಿ ಪ್ರತಿ ಕಿಟ್ಟಿನ ಗುಂಡಿಗಳನ್ನೂ ಒರೆಸುತ್ತಿದ್ದರು. ಮಗುವಿನ ಕಿವಿ ಒರೆಸುವಷ್ಟು ಮೆತ್ತಗೆ. ಆ ಮೆತ್ತನೆಯ ಕೈ ಯಾವ ವಿದ್ಯಾರ್ಥಿಯ ಬೆನ್ನ ಮೇಲೂ ಬಿದ್ದದ್ದನ್ನು ನಾನು ಕಾಣೆ. ನನ್ನ ಕ್ಲಾಸಿಗೆ ಹೇಳದೆ ಕೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಒಮ್ಮೆ ಬೋರ್ಡಿನ ಮೇಲೆ ನಾನು ಬರೆದ ಲೂಪಿನಲ್ಲಿ, ಅಂದರೆ ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳಲ್ಲಿ, ಎಣಿಕೆ ಒಂದು ಹೆಚ್ಚಾಗಿತ್ತು. ಅವರು ಎದ್ದು ಬಂದು, ನನ್ನ ಕೈಯಿಂದ ಚಾಕ್‌ಪೀಸ್ ಕಿತ್ತುಕೊಂಡು ತಿದ್ದಿ, ಮಕ್ಕಳ ಕಡೆ ತಿರುಗಿ, "ನಿಮ್ಮ ಮೇಡಂದು ಹಳೇ ಕಾಯಿಲೆ" ಅಂದರು. ತಿದ್ದಿದ್ದು ಸರಿಯಾಗಿಯೇ ಇತ್ತು. ಅವರ ವಿಷಯದಲ್ಲಿ ನನ್ನನ್ನು ಹೆಚ್ಚು ಉರಿಸಿದ್ದೇ ಇದು. ಬೋರ್ಡಿನ ಮೇಲೆ ಅವರು ಯಾವತ್ತೂ ತಪ್ಪುತ್ತಿರಲಿಲ್ಲ.

ಮತ್ತೆ, ಪ್ರತಿ ವರ್ಷ ಲ್ಯಾಬಿನ ಮೊದಲ ದಿನ ಆ ಸುಟ್ಟ ಒಂಬತ್ತನೇ ಕಿಟ್ಟನ್ನು ಎತ್ತಿ ತೋರಿಸುತ್ತಿದ್ದರು. "ನೋಡ್ಕೊಳ್ಳಿ. ಹೇಳಿದ ಮಾತು ಕೇಳದ ಒಬ್ಬಳು ಸುಟ್ಟಿದ್ದು. ಈಗ ಮಿಕ್ಸಿ ರಿಪೇರಿ ಮಾಡ್ಕೊಂಡಿದ್ದಾಳೆ." ಮಕ್ಕಳು ನಗುತ್ತಿದ್ದರು. ನಾನು ಬಾಗಿಲ ಬಳಿ ಹಾಜರಿ ಪುಸ್ತಕ ಹಿಡಿದು ನಿಂತಿರುತ್ತಿದ್ದೆ. ಒಂಬತ್ತು ಸಲ ನಿಂತಿದ್ದೇನೆ.

ಅವರ ನಿವೃತ್ತಿಗೆ ಒಂದು ವಾರವಿದ್ದಾಗ ಲ್ಯಾಬಿನ ಹೊಣೆ ನನಗೆ ವಹಿಸಬೇಕಾಗಿ ಬಂತು. ಸ್ಟಾಕ್ ರಿಜಿಸ್ಟರಿನ ಪ್ರತಿ ಸಾಲನ್ನೂ ನೋಡಿ ನಾನು ಸಹಿ ಹಾಕಿದರೆ ಮಾತ್ರ ಕಾಲೇಜು ಅವರನ್ನು ಬಿಡುಗಡೆ ಮಾಡುತ್ತಿತ್ತು. ಕಿಟ್ಟು, ವೈರು, ಪುಸ್ತಕ ಎಲ್ಲ ಎಣಿಸಿದೆವು. ಒಂಬತ್ತನೇ ಕಿಟ್ಟಿನ ಮುಂದೆ ಅವರ ದುಂಡನೆಯ ಅಕ್ಷರಗಳಲ್ಲಿ, 'ವಿದ್ಯಾರ್ಥಿನಿಯ ನಿರ್ಲಕ್ಷ್ಯದಿಂದ ಹಾಳಾಗಿದೆ' ಎಂದಿತ್ತು. ಪಕ್ಕದಲ್ಲಿ ಶಬಾನಾಳ ಪೂರ್ತಿ ಹೆಸರು. ಅವಳನ್ನು ಅವರು ಹೆಸರಿನಿಂದ ಕರೆದ ಒಂದೇ ಜಾಗ ಅದು. ನಾನು ಪೆನ್ನು ಕೆಳಗಿಟ್ಟೆ.

"ಸಹಿ ಹಾಕಲ್ಲ ಸರ್."

"ಯಾಕೆ? ಎಲ್ಲ ಸರಿಯಿದ್ಯಲ್ಲಾ."

"ಈ ಸಾಲು ಸುಳ್ಳು."

ಅವರು ಕನ್ನಡಕ ತೆಗೆದರು. "ಯಾವ ಕಾಲದ್ದು ಅದು? ಈಗ್ಯಾಕೆ?"

"ನಾಳೆಯಿಂದ ಈ ಪುಸ್ತಕ ನಂದು. ಸುಳ್ಳನ್ನ ನಾನು ವಹಿಸ್ಕೊಳ್ಳಲ್ಲ."

"ನೋಡಿಲ್ಲ ಅಂತ ಹೇಳಿದ್ದು ನೀನೇ, ಒನ್ ಎಫ್."

"ಹೌದು ಸರ್. ಅದೂ ಸುಳ್ಳು."

ಅವರು ಎದ್ದು ಹೋದರು. ಎರಡು ದಿನ ಲ್ಯಾಬಿನ ಕಡೆ ಬರಲಿಲ್ಲ. ಪ್ರಿನ್ಸಿಪಾಲರಿಗೆ ದೂರು ಹೇಳುತ್ತಾರೆ ಎಂದು ನಾನು ಕಾದೆ. ಹೇಳಿದರೆ ಕಾರಣವನ್ನೂ ಹೇಳಬೇಕಾಗುತ್ತದೆ ಎಂಬುದು ಅವರಿಗೆ ಹೊಳೆದಿರಬೇಕು. ಮೂರನೆಯ ದಿನ ಬಂದು, ಆ ಸಾಲು ಹೊಡೆದುಹಾಕಿ, 'ತಪ್ಪು ವಿದ್ಯುತ್ ಸಂಪರ್ಕದಿಂದ ಹಾಳಾಗಿದೆ' ಎಂದು ಬರೆದು ನನ್ನತ್ತ ತಳ್ಳಿದರು.

"ಸಂಪರ್ಕ ಕೊಟ್ಟೋರು ಯಾರು ಅಂತ ಇಲ್ಲ ಸರ್."

ಅವರು ಪುಸ್ತಕವನ್ನು ವಾಪಸ್ ಎಳೆದುಕೊಂಡರು. ಆಮೇಲೆ 'ನನ್ನಿಂದ' ಎಂದು ಸೇರಿಸಿದರು. ಆ ಒಂದು ಪದದ ಅಕ್ಷರ ಮಾತ್ರ ದುಂಡಗಿರಲಿಲ್ಲ. ಕೆಳಗೆ ಸಹಿ ಹಾಕಿಸಿಕೊಂಡು ನಾನೂ ಸಹಿ ಹಾಕಿದೆ.

ಆ ಪುಟದ ಫೋಟೋ ಹಿಡಿದು ಮೊದಲ ಸಲ ಶಬಾನಾಳ ಅಂಗಡಿಗೆ ಹೋದೆ. ಅಂಗಡಿ ಅದೇ, ಬೋರ್ಡು ಹೊಸದು. ಈಗ ಅವಳು ವಾಷಿಂಗ್ ಮಷೀನು, ಇಂಡಕ್ಷನ್ ಒಲೆಗಳ ಒಳಗಿನ ಸರ್ಕ್ಯೂಟ್ ರಿಪೇರಿ ಮಾಡುತ್ತಾಳೆ. ಮಹದೇವಪುರದ ಅಪಾರ್ಟ್‌ಮೆಂಟುಗಳಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ನನ್ನನ್ನು ನೋಡಿ ಅವಳು ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಫೋಟೋ ದೊಡ್ಡದು ಮಾಡಿ ಎರಡು ಸಲ ಓದಿದಳು.

"ಅಬ್ಬಾ ಹೋಗಿ ನಾಲ್ಕು ವರ್ಷ ಆಯ್ತು" ಅಂದಳು.

"ಅವ್ರಿಗೆ ನೀನು ಹೇಳಿರ್ಲಿಲ್ವಾ?"

"ಹೇಳ್ದೆ. ಸುಮಾರು ಸಲ ಹೇಳ್ದೆ. ಉಸ್ತಾದ್ ಸುಳ್ಳು ಹೇಳ್ತಾರಾ, ನೀನೇ ಸುಟ್ಟಿರ್ತೀಯ ಅಂದ್ರು. ಕೊನೇವರ್ಗೂ ಅದೇ." ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟಳು. "ನೀನು ಬಂದು ಒಂದ್ಮಾತು ಹೇಳಿದ್ರೆ ನಂಬ್ತಿದ್ರು."

ಅವಳು ಚಹಾ ತರಿಸಿದಳು. ನಾನು ಕುಡಿದೆ. ಲೋಟ ಕೆಳಗಿಟ್ಟು ಬಸ್ ನಿಲ್ದಾಣದ ಕಡೆ ನಡೆದೆ.

ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ. ಹಳೆಯ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಮೈಕಿನ ಮುಂದೆ ಕಣ್ಣೊರೆಸಿಕೊಂಡರು. ನನ್ನನ್ನು ಯಾರೂ ಮಾತಾಡಲು ಕರೆಯಲಿಲ್ಲ, ಪಟ್ಟಿಯಿಂದ ನನ್ನ ಹೆಸರು ತೆಗೆಸಿದ್ದು ಅವರೇ ಎಂದು ಆಮೇಲೆ ತಿಳಿಯಿತು. ಕೊನೆಗೆ ಅವರು ಎದ್ದರು. ಚೆನ್ನಾಗಿಯೇ ಮಾತಾಡಿದರು, ಜನರನ್ನು ನಗಿಸಿದರು. ನಗು ಏರಿದಾಗ ಮಾತು ಅವರ ಕೈ ಮೀರಿ ಹಳೆಯ ಹಾದಿ ಹಿಡಿಯಿತು.

"ಇಷ್ಟು ವರ್ಷದಲ್ಲಿ ನನ್ನ ಲ್ಯಾಬಲ್ಲಿ ಸುಟ್ಟಿದ್ದು ಒಂದೇ ಕಿಟ್ಟು. ಶಿವಾಜಿನಗರದ ಒಬ್ಬ ಜಾಣೆ. ಅವಳೀಗ..."

"ಸರ್" ಅಂದೆ. ನಾನು ಎದ್ದು ನಿಂತದ್ದು ನನಗೇ ಆಮೇಲೆ ಗೊತ್ತಾಯಿತು. "ಆ ಕಿಟ್ಟು ಸುಟ್ಟಿದ್ದು ನೀವು."

"ಕೂತ್ಕೊಳ್ಳಮ್ಮ, ಇದು ನಿನ್ನ ಕ್ಲಾಸಲ್ಲ" ಎಂದು ಅವರು ಮೈಕಿನಲ್ಲೇ ಹೇಳಿದರು. ನಾನು ಕೂರಲಿಲ್ಲ. ಅವಳ ಹೆಸರು ಶಬಾನಾ ಎಂದೆ, ಅವಳು ಎಚ್ಚರಿಸಿದ್ದಳು ಎಂದೆ, ಆಗ ನಾನು ಸುಳ್ಳು ಸಾಕ್ಷಿ ಹೇಳಿದೆ ಎಂದೆ. ಫೋನು ತೆಗೆದು ರಿಜಿಸ್ಟರಿನ ಆ ಸಾಲನ್ನು ಅವರ ಸಹಿಯವರೆಗೂ ಓದಿದೆ. ಪ್ರಿನ್ಸಿಪಾಲರು ರಾಷ್ಟ್ರಗೀತೆಗೆ ಸನ್ನೆ ಮಾಡಿದರು. ಎಲ್ಲರೂ ಎದ್ದು ನಿಂತರು.

ಮುಗಿದ ಮೇಲೆ ಕಾರಿಡಾರಿನಲ್ಲಿ ಅವರು ನನಗಾಗಿ ಕಾದಿದ್ದರು. ಹಾರ ಇನ್ನೂ ಕೊರಳಲ್ಲಿತ್ತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಸ್ಟಾಫ್ ರೂಮಿನಲ್ಲಿ ಟೈಂಟೇಬಲ್ ಮಾತಾಡುವಾಗಿನ ದನಿಯಲ್ಲಿ ಹೇಳಿದರು.

"ಆ ಹುಡುಗಿ ಹೇಳಿದ್ದು ಸರಿ ಅಂತ ಸ್ವಿಚ್ ಒತ್ತೋ ಮುಂಚೇನೇ ನಂಗೆ ಗೊತ್ತಾಯ್ತು. ಆದ್ರೆ ಅಷ್ಟು ಮಕ್ಕಳ ಎದುರು ಅವಳ ಮಾತಿಗೆ ವೈರು ಬದಲಾಯಿಸೋಕಾಗುತ್ತಾ? ನೀನೂ ಈಗ ಪಾಠ ಮಾಡೋಳು. ನಿಂಗೆ ಅರ್ಥ ಆಗುತ್ತೆ."

ಇಷ್ಟು ವರ್ಷ ನಾನು ಅದನ್ನು ಅವಸರದ ತಪ್ಪು ಎಂದೇ ತಿಳಿದಿದ್ದೆ. ಗೊತ್ತಿದ್ದೂ ಒತ್ತಿದ್ದರು.

"ಇಲ್ಲ ಸರ್, ಅರ್ಥ ಆಗಲ್ಲ" ಅಂದು ಅವರನ್ನು ದಾಟಿಕೊಂಡು ಮೆಟ್ಟಿಲಿಳಿದೆ. ಹಿಂದಿನಿಂದ ಅವರು ಕೂಗಿದರು. ಒನ್ ಎಫ್ ಅನ್ನಲಿಲ್ಲ. ಮೊಟ್ಟಮೊದಲ ಸಲ ನನ್ನ ಹೆಸರು ಹಿಡಿದು ಕೂಗಿದರು. ನಾನು ತಿರುಗಿ ನೋಡಲಿಲ್ಲ.